ಕಟ್ಟಿದ ನಾಲಗೆ, ಕೇಳುವ ಕಿವಿ

ಹಿಜರಿ 488, ಅಂದರೆ ಕ್ರಿ.ಶ. 1095. ಬಗ್ದಾದಿನ ನಿಝಾಮಿಯಾ ಮದ್ರಸದಲ್ಲಿ ಇಮಾಮ್ ಗಝ್ಝಾಲಿಯವರ ಪಾಠಕ್ಕೆ ಮುನ್ನೂರು ವಿದ್ಯಾರ್ಥಿಗಳು ಕೂರುತ್ತಿದ್ದ ಕಾಲ. ಆಸ್ಥಾನಗಳಲ್ಲಿ ಗೌರವ, ವಿದ್ವಾಂಸರ ನಡುವೆ ಹೆಸರು, ಕೈತುಂಬ ಆದಾಯ. ನಲವತ್ತು ತುಂಬುವ ಮೊದಲೇ ಒಬ್ಬ ಆಲಿಮ್ ಬಯಸಬಹುದಾದದ್ದೆಲ್ಲ ಅವರಿಗೆ ದಕ್ಕಿತ್ತು. ಹೀಗಿರುವಾಗ ಅವರ ನಾಲಗೆ ಕಟ್ಟಿಹೋಯಿತು. ವಿದ್ಯಾರ್ಥಿಗಳ ಮನಸ್ಸು ನೋಯಬಾರದೆಂದು ಒಂದು ದಿನವಾದರೂ ಪಾಠ ಹೇಳಲು ಹೆಣಗಿದರು, ಒಂದು ಮಾತೂ ಹೊರಡಲಿಲ್ಲ. ಊಟ ಗಂಟಲಲ್ಲಿ ಇಳಿಯಲಿಲ್ಲ, ಇಳಿದದ್ದು ಜೀರ್ಣವಾಗಲಿಲ್ಲ. ವೈದ್ಯರು ಬಂದು ನೋಡಿದರು, ಮದ್ದು ಕೊಡುವ ಆಸೆ ಬಿಟ್ಟರು. ಇದು ಮನಸ್ಸಿನಲ್ಲಿ ಹುಟ್ಟಿ ದೇಹಕ್ಕೆ ಇಳಿದ ಕಾಯಿಲೆ, ಒಳಗಿನ ಚಿಂತೆ ಸಡಿಲವಾಗದೆ ಇದಕ್ಕೆ ಚಿಕಿತ್ಸೆಯಿಲ್ಲ ಎಂದು ಅವರು ತೀರ್ಮಾನಿಸಿದರು.

ಈ ವೃತ್ತಾಂತವನ್ನು ನಮಗೆ ಹೇಳಿದವರು ಸ್ವತಃ ಗಝ್ಝಾಲಿ. ‘ಅಲ್ ಮುನ್ಕಿಝ್ ಮಿನ ಳ್ಳಲಾಲ್’ ಎಂಬ ತಮ್ಮ ಆತ್ಮಕಥನದಲ್ಲಿ ಅವರು ಏನನ್ನೂ ಮುಚ್ಚಿಡುವುದಿಲ್ಲ. ತಾನು ಕಲಿಸುತ್ತಿದ್ದುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆ ಆರು ತಿಂಗಳು ಅವರನ್ನು ಕಾಡಿತು. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡುವ ನಿರ್ಧಾರ, ಸಂಜೆಗೆ ಅದು ಕುಸಿಯುವುದು. ಕೊನೆಗೆ ಮಕ್ಕಾಕ್ಕೆ ಹೊರಟಿದ್ದೇನೆಂದು ಹೇಳಿ ಡಮಾಸ್ಕಸ್ ಸೇರಿದರು. ಜನ ಇದಕ್ಕೆ ತಮಗೆ ತೋಚಿದ ಕಾರಣ ಕೊಟ್ಟರು. ದೂರದವರು ಆಳುವವರೊಂದಿಗೆ ಏನೋ ತಕರಾರು ಎಂದರು. ಹತ್ತಿರದವರು ಮುಸ್ಲಿಮರಿಗೂ ವಿದ್ವಾಂಸರ ಬಳಗಕ್ಕೂ ಯಾರದೋ ದೃಷ್ಟಿ ತಾಗಿದೆ ಎಂದರು. ಒಂಬೈನೂರು ವರ್ಷಗಳ ನಂತರವೂ ನಮ್ಮ ಓಣಿಗಳಲ್ಲಿ ಮನಸ್ಸು ಕೆಟ್ಟವರ ಬಗ್ಗೆ ಕೇಳಿಬರುವ ವಿವರಣೆಗಳು ಇವೇ ಅಲ್ಲವೇ? ಹಣಕಾಸಿನ ತೊಂದರೆ ಇರಬೇಕು, ಇಲ್ಲವೇ ನಝರ್ ಆಗಿರಬೇಕು.

ಈಗ ಸುಮಾರು ಎಂಟು ಶತಮಾನ ದಾಟಿ ವಿಯೆನ್ನಾಕ್ಕೆ ಬರೋಣ. 1880ರಲ್ಲಿ ಅಲ್ಲಿನ ಒಂದು ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ ಬರ್ತಾ ಪಾಪನ್‌ಹೈಮ್ ಎಂಬ ಇಪ್ಪತ್ತೊಂದರ ಯುವತಿ ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡುತ್ತಿದ್ದಳು. ಬುದ್ಧಿವಂತೆ, ಆದರೆ ಓದು ಅಲ್ಲಿಗೇ ನಿಂತಿತ್ತು. ರಾತ್ರಿಯಿಡೀ ತಂದೆಯ ಮಂಚದ ಬಳಿ ಎಚ್ಚರವಿದ್ದು ಅವಳೇ ಹಾಸಿಗೆ ಹಿಡಿದಳು. ಬಲಗೈ ಮರಗಟ್ಟಿತು, ಕಣ್ಣು ಮಂಜಾಯಿತು, ಕೆಮ್ಮು ಹತ್ತಿಕೊಂಡಿತು. ಎರಡು ವಾರ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಮಾತು ಮರಳಿದಾಗ ಮಾತೃಭಾಷೆಯಾದ ಜರ್ಮನ್ ಮಾಯವಾಗಿ ಇಂಗ್ಲಿಷ್ ಮಾತ್ರ ಉಳಿದಿತ್ತು. ಡಾ. ಯೋಸೆಫ್ ಬ್ರಾಯರ್ ದಿನವೂ ಬಂದು ಅವಳ ಪಕ್ಕದಲ್ಲಿ ಕುಳಿತು ಕೇಳತೊಡಗಿದರು. ಒಮ್ಮೆ ಬೇಸಿಗೆಯಲ್ಲಿ ಆರು ವಾರ ಅವಳಿಗೆ ನೀರು ಕುಡಿಯಲಾಗಲಿಲ್ಲ. ಲೋಟ ತುಟಿಗೆ ತಾಗಿದೊಡನೆ ದೂರ ತಳ್ಳುತ್ತಿದ್ದಳು, ಹಣ್ಣು ತಿಂದು ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ಮಂಪರಿನಲ್ಲಿ ಮಾತಾಡುತ್ತಾ, ತನಗೆ ಹಿಡಿಸದ ಇಂಗ್ಲಿಷ್ ಸಂಗಾತಿಯ ನಾಯಿ ಲೋಟದಿಂದ ನೀರು ಕುಡಿದದ್ದನ್ನು ಕಂಡು, ಸಭ್ಯತೆಗೆ ಕಟ್ಟುಬಿದ್ದು ಸುಮ್ಮನಿದ್ದ ಪ್ರಸಂಗವನ್ನು ಹೇಳಿದಳು. ಅಂದು ನುಂಗಿದ ಸಿಟ್ಟನ್ನೆಲ್ಲ ಹೊರಹಾಕಿ ನೀರು ಕೇಳಿ ಕುಡಿದಳು.

ಈ ರೀತಿಗೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವರು ವೈದ್ಯರಲ್ಲ, ಅವಳೇ. ಹೊಗೆಗೂಡಿನ ಮಸಿ ಗುಡಿಸುವುದು ಎಂದೂ ತಮಾಷೆಗೆ ಕರೆಯುತ್ತಿದ್ದಳು. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ ಹಿಸ್ಟೀರಿಯಾ ಕುರಿತು ಪುಸ್ತಕ ಪ್ರಕಟಿಸಿದಾಗ ಅವಳು ‘ಅನ್ನಾ ಓ’ ಎಂಬ ಹುಸಿಹೆಸರಿನಲ್ಲಿ ಚರಿತ್ರೆ ಸೇರಿದಳು. ಅದೇ ಪುಸ್ತಕದ ಇನ್ನೊಬ್ಬ ರೋಗಿ, ಪದೇ ಪದೇ ಪ್ರಶ್ನೆ ಕೇಳುತ್ತಿದ್ದ ಫ್ರಾಯ್ಡ್‌ಗೆ, ಅದು ಎಲ್ಲಿಂದ ಬಂತು ಇದು ಎಲ್ಲಿಂದ ಬಂತು ಎಂದು ಕೆದಕಬೇಡಿ, ನನಗೆ ಹೇಳಬೇಕಾದದ್ದನ್ನು ಹೇಳಲು ಬಿಡಿ ಎಂದು ಗದರಿದ್ದುಂಟು. ವೈದ್ಯರಿಗೆ ಕೇಳುವುದನ್ನು ಕಲಿಸಿದವರು ರೋಗಿಗಳು, ಅದರಲ್ಲೂ ಹೆಂಗಸರು. ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಪುಸ್ತಕದಲ್ಲಿ ಹೇಳಿದಷ್ಟು ಅಚ್ಚುಕಟ್ಟಾಗಿ ಬರ್ತಾ ಗುಣಮುಖಳಾಗಲಿಲ್ಲ. 1882ರಲ್ಲಿ ಅವಳನ್ನು ಸ್ವಿಟ್ಝರ್‌ಲೆಂಡಿನ ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು. ಆಮೇಲೆ ಚೇತರಿಸಿಕೊಂಡು ಅನಾಥ ಹೆಣ್ಣುಮಕ್ಕಳ ಪಾಲನೆಗೆ, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಟಕ್ಕೆ ಇಳಿದರು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆ ಕಟ್ಟಿದರು. ತಮ್ಮ ಆಶ್ರಯದ ಹುಡುಗಿಯರಿಗೆ ಮನೋವಿಶ್ಲೇಷಣೆ ಮಾಡಿಸಲು ಮಾತ್ರ ಒಪ್ಪಲಿಲ್ಲ ಎಂಬುದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ.

ಫ್ರಾಯ್ಡ್ ಅವರ ಮನೋವಿಶ್ಲೇಷಣೆಯಲ್ಲಿ ವಾರಕ್ಕೆ ನಾಲ್ಕೈದು ಸಲ, ವರ್ಷಗಟ್ಟಲೆ ಮಲಗಿ ಮಾತಾಡಬೇಕಿತ್ತು. ಅದರ ಮಗಳೆನ್ನಬಹುದಾದ ಇಂದಿನ ಸೈಕೋಡೈನಾಮಿಕ್ ಥೆರಪಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲ ಎದುರುಬದುರು ಕುಳಿತು ಮುಕ್ಕಾಲು ಗಂಟೆ ಮಾತು. ಎರಡರ ಬುನಾದಿಯೂ ಒಂದೇ. ನಮ್ಮ ಮನಸ್ಸಿನಲ್ಲಿ ನಮಗೇ ತಿಳಿಯದ ಭಾಗವಿದೆ. ಅಲ್ಲಿರುವುದನ್ನು ಅಲ್ಲಿಗೆ ತಳ್ಳಿದವರು ಬಹುಪಾಲು ನಾವೇ. ತಳ್ಳಿದ್ದು ಸುಮ್ಮನಿರದೆ ಕನಸಾಗಿ, ಬಾಯ್ತಪ್ಪಿದ ಮಾತಾಗಿ, ಕಾರಣವಿಲ್ಲದ ನೋವಾಗಿ ಮರಳುತ್ತದೆ.

ಕಲ್ಪಿತ ಉದಾಹರಣೆಯೊಂದನ್ನು ಇಟ್ಟುಕೊಳ್ಳೋಣ. ಕರಾವಳಿಯ ಒಬ್ಬ ಯುವಕ ದಮ್ಮಾಮಿನಲ್ಲಿ ದುಡಿಯುತ್ತಿದ್ದಾನೆ. ತಂದೆ ತೀರಿಕೊಂಡಾಗ ಕಫೀಲ್ ರಜೆ ಕೊಡಲಿಲ್ಲ. ಮಯ್ಯಿತ್ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ಎರಡು ವರ್ಷದ ಬಳಿಕ ಊರಿಗೆ ಬಂದು ಅಂಗಡಿ ಹಾಕಿದ. ಎಲ್ಲ ಸರಿಯಿದೆ. ಆದರೆ ಶುಕ್ರವಾರ ಜುಮಾ ಮುಗಿಸಿ ಖಬರಸ್ತಾನದತ್ತ ಹೊರಟರೆ ಎದೆ ಹಿಡಿದುಕೊಳ್ಳುತ್ತದೆ. ಇಸಿಜಿ ಸರಿ, ರಕ್ತಪರೀಕ್ಷೆ ಸರಿ. ಊದಿಸಿದ್ದಾಯಿತು, ನೂಲು ಕಟ್ಟಿಸಿದ್ದಾಯಿತು. ಕೊನೆಗೆ ಯಾರೋ ಥೆರಪಿಸ್ಟ್ ಬಳಿ ಕಳಿಸುತ್ತಾರೆ. ಅಲ್ಲಿ ಅವನು ಕಫೀಲನನ್ನು ಬೈಯುತ್ತಾನೆ, ವಿಮಾನದ ದರ ಹೇಳುತ್ತಾನೆ, ತಂದೆಯನ್ನು ಹೊಗಳುತ್ತಾನೆ. ಪ್ರತಿಸಲ ಏಳುವಾಗ ನಿಮಗೆ ತೊಂದರೆ ಕೊಟ್ಟೆ ಸಾರ್ ಎನ್ನುತ್ತಾನೆ. ಥೆರಪಿಸ್ಟ್ ಒಂದು ವಾರ ರಜೆ ಹಾಕಿದರೆ, ಇವನು ಮುಂದಿನ ಎರಡು ವಾರ ಬರುವುದೇ ಇಲ್ಲ. ಬಂದಾಗ ಅವರು ಮೆಲ್ಲಗೆ ಕೇಳುತ್ತಾರೆ: ನಾನು ಹೋದದ್ದಕ್ಕೆ ಸಿಟ್ಟು ಬಂತೇನೋ? ಇವನು ನಗುತ್ತಾನೆ, ಛೆ ಛೆ ಎನ್ನುತ್ತಾನೆ. ಮನೆಗೆ ಹೋಗುವ ಬಸ್ಸಿನಲ್ಲಿ ನಗು ಆರುತ್ತದೆ. ಮುಂದಿನ ವಾರವೋ ಅದರ ಮುಂದಿನ ವಾರವೋ ಒಂದು ಫೋನ್ ಕರೆಯ ಮಾತು ಹೊರಬರುತ್ತದೆ. ತಂದೆ ಕೊನೆಯ ಸಲ ಮಾತಾಡಿದ್ದಾಗ ಮನೆ ರಿಪೇರಿಗೆ ಹಣ ಕೇಳಿದ್ದರು, ಇವನು ರೇಗಿ ಫೋನಿಟ್ಟಿದ್ದ.

ತೀರಿಹೋದ ತಂದೆಯ ಮೇಲೆ ಸಿಟ್ಟಿದೆ ಎನ್ನುವುದಕ್ಕಿಂತ ಎದೆನೋವು ಬರುವುದು ಸುಲಭ. ಥೆರಪಿಸ್ಟ್ ಇದನ್ನು ಮೊದಲ ದಿನವೇ ಊಹಿಸಿರಲೂಬಹುದು. ಅಂದೇ ಹೇಳಿಬಿಟ್ಟಿದ್ದರೆ ಅವನು ತಲೆಯಾಡಿಸಿ ಎದ್ದುಹೋಗಿ ಮತ್ತೆ ಬರುತ್ತಿರಲಿಲ್ಲ. ತಂದೆಯ ಮೇಲಿನ ಭಾವ ಥೆರಪಿಸ್ಟರ ಮೇಲೆ ಹರಿದು, ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಕಣ್ಣಿಗೆ ಬೀಳಬೇಕಾಯಿತು. ಇದಕ್ಕೆ ಭಾವ ವರ್ಗಾವಣೆ ಎನ್ನುತ್ತಾರೆ. ತನ್ನ ಬಗ್ಗೆ ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೂ ತಾನೇ ಅದನ್ನು ಕಂಡುಕೊಳ್ಳುವುದಕ್ಕೂ ಇರುವ ಅಂತರವೇ ಈ ಚಿಕಿತ್ಸೆಯ ಹೃದಯ. ಇದರಿಂದ ಫಲ ಸಿಗುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. 2010ರಲ್ಲಿ ಅಮೆರಿಕದ ಜೊನಾಥನ್ ಶೆಡ್ಲರ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಮುಗಿದ ಮೇಲೂ ಸುಧಾರಣೆ ಮುಂದುವರಿಯುತ್ತದೆ ಎಂದು ವಾದಿಸಿದರು. ಅದನ್ನು ಪ್ರಶ್ನಿಸಿದವರೂ ಇದ್ದಾರೆ. ತೀವ್ರ ಮನೋರೋಗಗಳಿಗೆ ಔಷಧಿ ಬೇಕೇ ಬೇಕು, ಅಲ್ಲಿ ಬರೀ ಮಾತು ಸಾಲದು.

ಇಂಥ ವಿಷಯ ಬಂದಾಗ ನಮ್ಮಲ್ಲಿ ಕೆಲವರು, ಇದೆಲ್ಲ ನಮ್ಮ ಕಿತಾಬುಗಳಲ್ಲಿ ಮೊದಲೇ ಇದೆ ಎಂದು ಎದೆಯುಬ್ಬಿಸುತ್ತಾರೆ. ಮಾತಿನಲ್ಲಿ ಅರ್ಧ ನಿಜವಿದೆ. ಒಂಬತ್ತನೆಯ ಶತಮಾನದಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ, ದೇಹ ಮತ್ತು ಆತ್ಮಗಳ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ಕಾರಣ ಗೊತ್ತಿರುವ ದುಃಖವನ್ನೂ ಕಾರಣ ಗೊತ್ತಿಲ್ಲದ ದುಃಖವನ್ನೂ ಬೇರೆ ಬೇರೆಯಾಗಿ ನೋಡಿದರು. ಬಸ್ರಾದಲ್ಲಿ ಹುಟ್ಟಿ ಬಗ್ದಾದಿನಲ್ಲಿ ಬಾಳಿದ ಹಾರಿಸ್ ಅಲ್ ಮುಹಾಸಿಬಿ ಅವರಿಗೆ ಆ ಹೆಸರು ಬಂದದ್ದೇ ಮುಹಾಸಬದಿಂದ, ಅಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದರಿಂದ. ನಮಾಝಿನಲ್ಲೂ ದಾನದಲ್ಲೂ ನುಸುಳುವ ಪ್ರದರ್ಶನದ ಆಸೆಯನ್ನು ಅವರಷ್ಟು ನಿರ್ದಾಕ್ಷಿಣ್ಯವಾಗಿ ಹಿಡಿದವರು ವಿರಳ. ನಫ್ಸ್ ತನ್ನನ್ನು ತಾನೇ ವಂಚಿಸುತ್ತದೆ ಎಂಬುದು ಸೂಫಿಗಳಿಗೆ ಹೊಸ ಸುದ್ದಿಯಲ್ಲ.

ಆದರೆ ಉಳಿದರ್ಧವನ್ನೂ ಹೇಳಬೇಕು. ಮುಹಾಸಬದಲ್ಲಿ ತಕ್ಕಡಿಯಿದೆ, ಒಳಿತು ಕೆಡುಕು ತೂಗಬೇಕು, ತೌಬಾ ಮಾಡಬೇಕು. ಥೆರಪಿಸ್ಟರ ಕೋಣೆಯಲ್ಲಿ ತಕ್ಕಡಿಯನ್ನು ಹೊರಗಿಟ್ಟು ಬರಬೇಕು. ಮಗ ತಂದೆಯ ಮೇಲೆ ರೇಗಿದ್ದು ಸರಿಯೇ ತಪ್ಪೇ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ತೀರ್ಪಿಲ್ಲದೆ ಕೇಳುವುದನ್ನು ಒಂದು ಕಸುಬಾಗಿ ಕಟ್ಟಿದ್ದು ವಿಯೆನ್ನಾದ ಕೊಡುಗೆ. ಅದನ್ನು ಒಪ್ಪಿಕೊಂಡರೆ ಗಝ್ಝಾಲಿಯವರ ಘನತೆಗೇನೂ ಕುಂದಿಲ್ಲ.

ವಿಪರ್ಯಾಸವೆಂದರೆ, ಆ ಕಸುಬು ವಸಾಹತುಗಳಿಗೆ ಬಂದಾಗ ತೀರ್ಪು ಮೊದಲೇ ಸಿದ್ಧವಾಗಿತ್ತು.

ಕೊಲ್ಕತ್ತಾದ ಕತೆ ನೋಡಿ. 1887ರಲ್ಲಿ ಹುಟ್ಟಿದ ಗಿರೀಂದ್ರಶೇಖರ ಬೋಸ್ ಎಂಬ ವೈದ್ಯರು ಜಾದೂ, ಸಂಮೋಹನಗಳ ಹುಚ್ಚಿನಿಂದ ಮನಸ್ಸಿನ ಕಡೆಗೆ ತಿರುಗಿದವರು. ದಮನದ ಪರಿಕಲ್ಪನೆಯ ಬಗ್ಗೆ ತಾವು ಬರೆದ ಪ್ರಬಂಧವನ್ನು ಫ್ರಾಯ್ಡ್‌ಗೆ ಕಳಿಸಿದರು. ದೂರದ ಭಾರತದಲ್ಲಿ ತಮ್ಮ ವಿಚಾರಕ್ಕೆ ಇಂಥ ಓದುಗರಿದ್ದಾರೆಂದು ಫ್ರಾಯ್ಡ್ ಬೆರಗಾದರು. 1922ರಲ್ಲಿ ಪಾರ್ಸಿಬಗಾನ್ ಓಣಿಯ ಬೋಸರ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಹುಟ್ಟಿತು. ಬೋಸ್ ಗುರುಗಳಿಗೆ ಶರಣಾದವರಲ್ಲ. ಫ್ರಾಯ್ಡ್ ಹೇಳಿದ ಈಡಿಪಸ್ ತೊಡಕು ತಮ್ಮ ಬಂಗಾಳಿ ರೋಗಿಗಳಲ್ಲಿ ಅದೇ ರೂಪದಲ್ಲಿ ಕಾಣುವುದಿಲ್ಲವೆಂದು ಪತ್ರ ಬರೆದು ವಾದಿಸಿದರು. ಮನಸ್ಸಿನ ಪ್ರತಿ ಬಯಕೆಯ ಬೆನ್ನಿಗೂ ಅದರ ವಿರುದ್ಧ ಬಯಕೆಯೊಂದು ಇರುತ್ತದೆ ಎಂಬುದು ಅವರ ಸ್ವಂತ ಸಿದ್ಧಾಂತ. ಫ್ರಾಯ್ಡ್ ಮರ್ಯಾದೆಯಿಂದ ಕೇಳಿದರು, ಒಪ್ಪಲಿಲ್ಲ.

ಒಂದು ಸ್ವಾರಸ್ಯ ಹೇಳಿಯೇ ಮುಂದೆ ಹೋಗಬೇಕು. ಫ್ರಾಯ್ಡ್ ಅವರನ್ನು ಕಂಡೇ ಇಲ್ಲದ ಬಂಗಾಳಿ ಕಲಾವಿದರೊಬ್ಬರಿಂದ ಅವರ ಚಿತ್ರ ಬರೆಸಿ ಬೋಸ್ ವಿಯೆನ್ನಾಕ್ಕೆ ಕಳಿಸಿದರು. ಕಲಾವಿದರು ತಮ್ಮನ್ನು ಥೇಟ್ ಇಂಗ್ಲಿಷರವನನ್ನಾಗಿ ಮಾಡಿದ್ದಾರೆಂದು ಫ್ರಾಯ್ಡ್ ಗೆಳತಿಯೊಬ್ಬರಿಗೆ ಬರೆದರು. ಆಳಿಸಿಕೊಂಡವರ ಕಲ್ಪನೆಯಲ್ಲಿ ಜ್ಞಾನಿಯೆಂದರೆ ಇಂಗ್ಲಿಷರವನೇ ಆಗಿರಬೇಕಿತ್ತು!

ಅದೇ ಸಂಘದಲ್ಲಿ ಓವೆನ್ ಬರ್ಕಲಿ-ಹಿಲ್ ಎಂಬ ಬ್ರಿಟಿಷ್ ಸೇನಾ ವೈದ್ಯರಿದ್ದರು, ರಾಂಚಿಯ ಯುರೋಪಿಯನ್ನರ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. 1921ರಲ್ಲಿ ಅವರು ಬರೆದ ಲೇಖನ ಇಡೀ ಹಿಂದೂ ಸಮಾಜದ ಧರ್ಮ, ದರ್ಶನ, ಸ್ವಭಾವಗಳನ್ನು ಮಲವಿಸರ್ಜನೆಯ ಶೈಶವ ಗೀಳಿಗೆ ಇಳಿಸುತ್ತದೆ. ಒಬ್ಬ ಮನುಷ್ಯನ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟು ತಿಳಿಯಬೇಕಾದ ವಿದ್ಯೆ ಇಲ್ಲಿ ಕೋಟ್ಯಂತರ ಜನರನ್ನು ಒಂದೇ ಲೇಖನದಲ್ಲಿ ವಿಲೇವಾರಿ ಮಾಡಿತ್ತು. ಸಾಧನ ಒಂದೇ. ಬೋಸ್ ಅದನ್ನು ಹಿಡಿದದ್ದು ಕೇಳುವುದಕ್ಕೆ, ಬರ್ಕಲಿ-ಹಿಲ್ ಹಿಡಿದದ್ದು ಅಳೆಯುವುದಕ್ಕೆ.

ಬೋಸರ ಅಣ್ಣ ರಾಜಶೇಖರ ಬೋಸ್ ‘ಪರಶುರಾಮ’ ಹೆಸರಿನ ಬಂಗಾಳಿ ಹಾಸ್ಯಲೇಖಕರು. ಅದನ್ನು ಓದುವಾಗ ನಮಗೆ ನಮ್ಮ ರಾಶಿಯವರು ನೆನಪಾಗುತ್ತಾರೆ. ‘ಕೊರವಂಜಿ’ಯ ಮೂಲಕ ಕನ್ನಡಿಗರನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಮನಸ್ಸಿನ ಕಾಯಿಲೆಗಳ ಬಗ್ಗೆ ‘ಮನಮಂಥನ’ ಬರೆದರು. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಕೃತಿಗೆ ಸಂದಿತು. ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲೇ ಹೇಳಬಹುದೆಂದು ತೋರಿಸಿದವರಲ್ಲಿ ಅವರೊಬ್ಬರು.

ಸ್ವಂತ ನುಡಿಯಲ್ಲಿ ಹೇಳುವ ಈ ಕೆಲಸವನ್ನು ಅರಬ್ಬಿಯಲ್ಲಿ ಮಾಡಿದ್ದು ಕೈರೋ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಯೂಸುಫ್ ಮುರಾದ್ ಎಂಬ ಪ್ರಾಧ್ಯಾಪಕರು ಮುಸ್ತಫಾ ಝಿವರ್ ಜೊತೆಗೂಡಿ ‘ಮಜಲ್ಲತ್ ಇಲ್ಮ್ ಅನ್ನಫ್ಸ್’ ಎಂಬ ಮನಶ್ಶಾಸ್ತ್ರ ಪತ್ರಿಕೆ ಆರಂಭಿಸಿದರು. 1953ರವರೆಗೆ ಅದು ನಡೆಯಿತು. ಮುರಾದ್ ಪ್ಯಾರಿಸ್ಸಿನಲ್ಲಿ ಕಲಿತವರು. ಝಿವರ್ ಅಲ್ಲೇ ತರಬೇತಾದ ಈಜಿಪ್ಟಿನ ಮೊದಲ ಮನೋವಿಶ್ಲೇಷಕರು. ಪತ್ರಿಕೆಯ ದೊಡ್ಡ ಕೆಲಸ ಪದಗಳನ್ನು ಹುಡುಕುವುದಾಗಿತ್ತು. ಫ್ರಾಯ್ಡ್ ಹೇಳುವ, ಮನಸ್ಸಿನ ಆ ಅರಿವಿಗೆ ಬಾರದ ಪಾಲನ್ನು ಅರಬ್ಬಿಯಲ್ಲಿ ಏನೆನ್ನಬೇಕು? ಮುರಾದ್ ಆರಿಸಿಕೊಂಡದ್ದು ‘ಅಲ್ಲಾಶುಊರ್’ ಎಂಬ ಪದ. ಅದು ಹದಿಮೂರನೆಯ ಶತಮಾನದ ಸೂಫಿ ಇಬ್ನ್ ಅರಬಿಯವರ ಬರಹಗಳಲ್ಲಿ ಬರುವ ಮಾತು ಎಂದು ‘ದಿ ಅರಬಿಕ್ ಫ್ರಾಯ್ಡ್’ ಎಂಬ 2017ರ ಪುಸ್ತಕದಲ್ಲಿ ಚರಿತ್ರಕಾರ್ತಿ ಓಮ್ನಿಯಾ ಅಲ್ ಶಾಕ್ರಿ ತೋರಿಸುತ್ತಾರೆ. ಹೊಸ ಮನೆಗೆ ಹಳೆಯ ಮನೆಯ ತೊಲೆ ಹಾಕಿದಂತೆ.

1958ರಲ್ಲಿ ಫ್ರಾಯ್ಡ್ ಅವರ ಕನಸಿನ ಪುಸ್ತಕವನ್ನು ಅಲೆಕ್ಸಾಂಡ್ರಿಯಾದ ಮುಸ್ತಫಾ ಸಫ್ವಾನ್ ಅರಬ್ಬಿಗೆ ತಂದಾಗಲೂ ಹೀಗೇ ಆಯಿತು. ಅದರ ಹೆಸರು ‘ತಫ್ಸೀರುಲ್ ಅಹ್ಲಾಮ್’. ಇಬ್ನ್ ಸೀರೀನ್ ಹೆಸರಿನಲ್ಲಿ ಶತಮಾನಗಳಿಂದ ಚಲಾವಣೆಯಲ್ಲಿರುವ ಕನಸಿನ ಕಿತಾಬಿಗೂ ಅದೇ ಹೆಸರು. ನಮ್ಮ ಮನೆಗಳ ಅಟ್ಟದಲ್ಲಿರುವ ಉರ್ದು ಖ್ವಾಬ್‌ನಾಮಾಗಳು ಇದರ ದಾಯಾದಿಗಳೇ. ಹಾವು ಕಂಡರೆ ವೈರಿ, ಹಲ್ಲು ಬಿದ್ದರೆ ಸಾವು ಎಂದು ಹೇಳುವ ಆ ಪುಸ್ತಕದಲ್ಲಿ ಕನಸು ನಾಳೆಯ ಸುದ್ದಿ. ಫ್ರಾಯ್ಡ್ ಪುಸ್ತಕದಲ್ಲಿ ಕನಸು ನಿನ್ನೆಯ ಸುದ್ದಿ, ಮತ್ತು ಅದರ ಅರ್ಥ ಕಂಡವರ ಬಾಯಿಂದಲೇ ಬರಬೇಕು. ಯೂಸುಫ್(ಅ)ರ ಕಥೆಯನ್ನು ಓದಿ ಬೆಳೆದ ಓದುಗರಿಗೆ ಕನಸನ್ನು ಗಂಭೀರವಾಗಿ ಪರಿಗಣಿಸಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಈಜಿಪ್ಟಿನ ಸೂಫಿ ತರೀಕತ್‌ಗಳ ಮುಖ್ಯ ಶೇಖ್ ಆದ ಅಬುಲ್ ವಫಾ ತಫ್ತಾಝಾನಿ ಅವರೂ ಮುರಾದ್ ಬಳಗದ ಸಂಪರ್ಕದಲ್ಲಿದ್ದವರೇ. ಶೇಖ್ ಮತ್ತು ಮುರೀದರ ಸಂಬಂಧವನ್ನೂ ವಿಶ್ಲೇಷಕ ಮತ್ತು ರೋಗಿಯ ಸಂಬಂಧವನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವರು ಅಳುಕಲಿಲ್ಲ.

ಕೈರೋದಿಂದ ಪಶ್ಚಿಮಕ್ಕೆ, ಫ್ರೆಂಚರ ಕೈಯಲ್ಲಿದ್ದ ಅಲ್ಜೀರಿಯಾದಲ್ಲಿ ಚಿತ್ರ ಬೇರೆಯೇ ಇತ್ತು. ಅಲ್ಲಿ ಆಂಟ್ವಾನ್ ಪೊರೋ ಎಂಬ ವೈದ್ಯರು 1918ರಲ್ಲೇ ‘ಮುಸ್ಲಿಮ್ ಮನೋವೈದ್ಯ’ದ ಬಗ್ಗೆ ಟಿಪ್ಪಣಿ ಬರೆದಿದ್ದರು. ಸ್ಥಳೀಯ ಮುಸ್ಲಿಮರು ಮೂಢರು, ಬಾಲಿಶರು ಎಂಬುದು ಅದರ ಸಾರ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದೇ ಪಾಠವಾಯಿತು. 1953ರ ನವೆಂಬರಿನಲ್ಲಿ ಬ್ಲಿದಾ ಆಸ್ಪತ್ರೆಗೆ ಬಂದ ಫ್ರಾಂಟ್ಝ್ ಫ್ಯಾನನ್, ಮಾರ್ಟಿನಿಕ್ ದ್ವೀಪದ ಕಪ್ಪು ವೈದ್ಯ, ಆಗಿನ್ನೂ ಇಪ್ಪತ್ತೆಂಟರ ಪ್ರಾಯ. ಅವರ ವಶಕ್ಕೆ ಬಂದದ್ದು 165 ಯುರೋಪಿಯನ್ ಹೆಂಗಸರು ಮತ್ತು 220 ಮುಸ್ಲಿಮ್ ಗಂಡಸರು. ಫ್ಯಾನನ್ ಮನೋವಿಶ್ಲೇಷಕರಲ್ಲ. ಆದರೆ ಆಸ್ಪತ್ರೆಯ ದಿನಚರಿಯನ್ನೇ ಚಿಕಿತ್ಸೆಯಾಗಿಸುವ, ಮನೋವಿಶ್ಲೇಷಣೆಯ ನೀರು ಕುಡಿದ ಒಂದು ಪದ್ಧತಿಯನ್ನು ಫ್ರಾನ್ಸಿನಲ್ಲಿ ಕಲಿತು ಬಂದಿದ್ದರು. ಸಭೆ, ಹಾಡು, ಗೋಡೆಗೊಂದು ಪತ್ರಿಕೆ, ಹಬ್ಬ, ಕೈಕಸುಬು. ಹೆಂಗಸರ ವಾರ್ಡಿನಲ್ಲಿ ಬೇಗನೆ ಕಳೆ ಬಂತು. ಗಂಡಸರ ವಾರ್ಡಿನಲ್ಲಿ ಏನೂ ಅಲುಗಲಿಲ್ಲ. ಸಭೆಗೆ ಕರೆದರೆ ಮೌನ, ಬುಟ್ಟಿ ಹೆಣೆಯಿರೆಂದರೆ ಬೆನ್ನು.

ಪೊರೋ ಶಿಷ್ಯರಾಗಿದ್ದರೆ ಇವರು ಬಾಲಿಶರು ಎಂದು ಬರೆದು ಮುಗಿಸುತ್ತಿದ್ದರು. ಫ್ಯಾನನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಝಾಕ್ ಅಝುಲೇ 1954ರಲ್ಲಿ ಬರೆದದ್ದು ತಮ್ಮದೇ ಸೋಲಿನ ತನಿಖೆ. ಅರಬ್ಬಿಯಾಗಲಿ ಬರ್ಬರ್ ಆಗಲಿ ಬಾರದ ತಾವು ದುಭಾಷಿಯನ್ನಿಟ್ಟುಕೊಂಡು ಮಾತಾಡಿಸುತ್ತಿದ್ದೆವು. ಆ ಜನಕ್ಕೆ ದುಭಾಷಿಯೆಂದರೆ ಕೋರ್ಟಿನ, ಕಚೇರಿಯ ನೆನಪು. ಕ್ರೈಸ್ತರ ಹಬ್ಬ, ಫ್ರೆಂಚರ ಹಾಡು ಇವರಿಗೇಕೆ? ಹೀಗೆ ಯೋಚಿಸಿ ಆಸ್ಪತ್ರೆಯೊಳಗೇ ಅರಬ್ ಶೈಲಿಯ ಕಾಫಿಖಾನೆ ತೆರೆದರು, ಮುಸ್ಲಿಮ್ ಹಬ್ಬಗಳನ್ನು ಆಚರಿಸಿದರು, ಊರೂರು ಅಲೆಯುವ ಕಥೆಗಾರನನ್ನು ಕರೆಸಿದರು. ವಾರ್ಡು ಮೆಲ್ಲಗೆ ಬಾಯಿಬಿಟ್ಟಿತು.

ಮುಂದಿನ ವರ್ಷ ಫ್ಯಾನನ್ ಇನ್ನೊಂದು ಪ್ರಬಂಧದಲ್ಲಿ, ಫ್ರೆಂಚ್ ನ್ಯಾಯಾಧೀಶರ ಮುಂದೆ ಅಲ್ಜೀರಿಯನ್ ಆರೋಪಿ ತಪ್ಪೊಪ್ಪಿಗೆಯನ್ನು ಹಿಂತೆಗೆಯುವುದೇಕೆ ಎಂದು ಕೇಳಿದರು. ಹುಟ್ಟಾ ಸುಳ್ಳರು ಎನ್ನುವುದು ಸರಕಾರಿ ಉತ್ತರ. ಫ್ಯಾನನ್ ಉತ್ತರ ಬೇರೆ: ತನ್ನದೆಂದು ತಾನು ಒಪ್ಪಿಕೊಂಡ ಸಮಾಜದ ಮುಂದೆ ಮಾತ್ರ ಮನುಷ್ಯ ತಪ್ಪನ್ನು ಒಪ್ಪಿಕೊಳ್ಳಬಲ್ಲ. ಕೇಳುವವರು ಯಾರೆಂಬುದರ ಮೇಲೆ ಹೇಳುವ ಮಾತು ನಿಂತಿದೆ. 1956ರಲ್ಲಿ ಫ್ಯಾನನ್ ರಾಜೀನಾಮೆ ಕೊಟ್ಟು ಸ್ವಾತಂತ್ರ್ಯ ಹೋರಾಟ ಸೇರಿದರು. 1961ರಲ್ಲಿ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಬ್ಲಿದಾ ಆಸ್ಪತ್ರೆಗೆ ಈಗ ಅವರದೇ ಹೆಸರು.

ಈ ವಿದ್ಯೆಯನ್ನು ಮುಸ್ಲಿಮರೆಲ್ಲ ತೋಳು ಚಾಚಿ ಬರಮಾಡಿಕೊಂಡರೆಂದು ಭಾವಿಸಬಾರದು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ, ಫ್ರಾಯ್ಡ್ ಹಿಂದೆ ಕಣ್ಣುಮುಚ್ಚಿ ಹೋಗುವ ಮುಸ್ಲಿಮ್ ತಜ್ಞರನ್ನು ಹದೀಸಿನಲ್ಲಿ ಬರುವ ಉಡದ ಬಿಲ ಹೊಕ್ಕವರೆಂದು ಟೀಕಿಸಿದರು. 1979ರಲ್ಲಿ ಅದೇ ವಾದವನ್ನು ಪುಸ್ತಕವಾಗಿಸಿದರು. ದೀನನ್ನು ಶೈಶವದ ಭ್ರಮೆಯೆನ್ನುವ ಫ್ರಾಯ್ಡ್ ಅವರ ಮಾತನ್ನು ಒಪ್ಪಲು ನಮಗೂ ಸಾಧ್ಯವಿಲ್ಲ. ಆದರೆ ಮುರಾದ್ ಮತ್ತು ತಫ್ತಾಝಾನಿ ತೋರಿಸಿದ ಹಾಗೆ, ಫ್ರಾಯ್ಡ್ ಅವರ ನಾಸ್ತಿಕತೆಯನ್ನು ಬದಿಗಿಟ್ಟು ಅವರ ಕಿವಿಯನ್ನು ಎರವಲು ಪಡೆಯಬಹುದು. ಬದ್ರಿ ಎಲ್ಲವನ್ನೂ ತಳ್ಳಿಹಾಕಿದವರಲ್ಲ. ಬಲ್ಖಿಯವರ ಗ್ರಂಥದ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದು ಜಗತ್ತಿಗೆ ಪರಿಚಯಿಸಿದವರೂ ಅವರೇ. 2021ರಲ್ಲಿ ತೀರಿಕೊಂಡರು.

ನಮ್ಮ ಸಮುದಾಯದ ಮಟ್ಟಿಗೆ ಈ ಚರಿತ್ರೆ ಬರೀ ಓದಿಗಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಶೆಡ್ಡುಗಳಲ್ಲೊಂದಕ್ಕೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಓಡಲಾಗಲಿಲ್ಲ; ಸರಪಳಿ ಬಿಗಿದಿತ್ತು. ಸತ್ತವರಲ್ಲಿ ಅನೇಕರಿಗೆ ಬೇಕಾದದ್ದು ಔಷಧಿ, ಆಸ್ಪತ್ರೆ. ಮಾತಿನ ಚಿಕಿತ್ಸೆಯಿಂದ ಅವರು ಬದುಕುತ್ತಿದ್ದರೆಂದು ನಾವು ಹೇಳುತ್ತಿಲ್ಲ. ಆದರೆ ಅವರನ್ನು ಅಲ್ಲಿಗೆ ತಂದು ಬಿಡುವ ಮೊದಲು ಮನೆಯಲ್ಲಿ ಯಾರಾದರೂ, ನಿನಗೆ ಏನಾಗುತ್ತಿದೆ ಎಂದು ಕುಳಿತು ಕೇಳಿದ್ದರೇ? ದರ್ಗಾಗಳನ್ನೇ ದೂರುವುದೂ ಸರಿಯಲ್ಲ. 2024ರಲ್ಲಿ ತೀರಿಕೊಂಡ ಮನೋವಿಶ್ಲೇಷಕ ಸುಧೀರ್ ಕಾಕರ್, ಭಾರತದ ಸಾಂಪ್ರದಾಯಿಕ ಚಿಕಿತ್ಸಕರ ಬಗ್ಗೆ 1982ರಲ್ಲಿ ಬರೆದ ಪುಸ್ತಕವನ್ನು ಆರಂಭಿಸಿದ್ದೇ ದೆಹಲಿಯ ಒಂದು ದರ್ಗಾದ ವೃದ್ಧ ಬಾಬಾ ಅವರಿಂದ. ಯಾರೂ ಕೇಳದ ಸಂಕಟಕ್ಕೆ ಅಲ್ಲಿ ಕಿವಿಯೊಂದಿತ್ತು. ಅಂಥ ಕಿವಿ ಸಿಗದ ಕಡೆ ಸರಪಳಿ ಬಂತು.

ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಇಂದಿನ ರೂಪದಲ್ಲಿದೆ. ಅಲ್ಲಿಗೆ ಹೋಗುವುದು ಮೊದಲಿನಷ್ಟು ನಾಚಿಕೆಯ ಸಂಗತಿಯಾಗಿ ಉಳಿದಿಲ್ಲ. ನಮ್ಮ ಕೊರತೆ ಭಾಷೆಯದು. ‘ದಿಲ್ ಘಬ್ರಾತಾ’ ಎನ್ನುವ ದಖನಿ ಅಜ್ಜಿಯ ಮಾತನ್ನು ಮಗಳು ಕನ್ನಡಕ್ಕೆ ತರುತ್ತಾಳೆ, ವೈದ್ಯರು ಅದನ್ನು ಇಂಗ್ಲಿಷಿನಲ್ಲಿ ಎದೆಬಡಿತ ಎಂದು ಬರೆದುಕೊಳ್ಳುತ್ತಾರೆ. ಹೇಳಬೇಕೆಂದಿದ್ದದ್ದು ಸೊಸೆಯ ಬಗ್ಗೆಯೋ, ಎಂದೋ ಕಳೆದುಕೊಂಡ ಕೂಸಿನ ಬಗ್ಗೆಯೋ, ಮಗಳೇ ದುಭಾಷಿಯಾಗಿ ನಿಂತಿರುವಾಗ ಅಜ್ಜಿ ಅದನ್ನು ಹೇಗೆ ಹೇಳಿಯಾರು? ಅಂದಹಾಗೆ ಕನ್ನಡಿಗರೆಲ್ಲ ದಿನಕ್ಕೆ ಹತ್ತು ಸಲ ಹೇಳುವ ‘ಬೇಜಾರು’ ಪಾರ್ಸಿಯಿಂದ ಬಂದ ಪದ. ಸಂಕಟವನ್ನು ಹೇಳಿಕೊಳ್ಳುವ ಮಾತುಗಳನ್ನು ಈ ನೆಲದಲ್ಲಿ ನಾವು ಪರಸ್ಪರ ಸಾಲ ಪಡೆದೇ ಬಂದಿದ್ದೇವೆ.

ಗಝ್ಝಾಲಿ ಹನ್ನೊಂದು ವರ್ಷಗಳ ನಂತರ, 1106ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಅಂದು ಪ್ರತಿಷ್ಠೆ ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಇಂದು ಪ್ರತಿಷ್ಠೆಯನ್ನು ಬಿಡಿಸುವ ವಿದ್ಯೆಯನ್ನು ಕಲಿಸುತ್ತೇನೆ ಎಂಬರ್ಥದಲ್ಲಿ ಆ ಮರಳುವಿಕೆಯನ್ನು ವಿವರಿಸಿಕೊಂಡರು. ಕಟ್ಟಿದ್ದ ನಾಲಗೆಯ ಕಥೆಯನ್ನು ಬರೆದದ್ದೂ ಆ ವರ್ಷಗಳಲ್ಲೇ, 1111ರಲ್ಲಿ ತೂಸ್‌ನಲ್ಲಿ ಕಣ್ಣು ಮುಚ್ಚುವ ಕೆಲವೇ ವರ್ಷ ಮೊದಲು.